ಬೇವಿನ ಗಿಡದ ಕೆಳಗೆ ಮೂವತ್ತು ಮಂದಿ

ಕುಂಭಾರಿ, ಅಕ್ಕಲಕೋಟ ರಸ್ತೆ
೨೦ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಮಗಳು ಮನೀಷಾಗೆ ಅಪ್ಪನ ಮನಸಾರೆ ಆಶೀರ್ವಾದ.

ಹೇಗಿದ್ದೀಯವ್ವಾ? ಚೆನ್ನೈ ಊಟ ಈಗಲಾದರೂ ಹಿಡಿಸಿತೇ? ಮೂರು ಹೊತ್ತೂ ಅನ್ನ ತಿಂದುಕೊಂಡು ನರ್ಸುಗಳ ತರಬೇತಿ ಹೇಗೆ ಮುಗಿಸುತ್ತಾಳೋ ಎಂದು ನಿನ್ನ ಅವ್ವ ರೊಟ್ಟಿ ಬಡಿಯುವಾಗಲೆಲ್ಲ ಒಂದು ಸಲ ಅನ್ನುತ್ತಾಳೆ. ನಿಂತು ನಿಂತು ಕಾಲು ಊದಿಕೊಳ್ಳುತ್ತಿದೆ ಎಂದಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಅದರಲ್ಲಿ ಕಾಲಿಡು. ಊರಿಗೆಲ್ಲ ಔಷಧಿ ಹೇಳುವ ನಿನಗೆ ನಾನು ಹೇಳುತ್ತಿದ್ದೇನೆ, ನಗಬೇಡ. ಇಲ್ಲಿ ಎಲ್ಲರೂ ಆರಾಮ. ನಿನ್ನ ಯಜಮಾನರು, ನಮ್ಮ ಅಳಿಯಂದಿರು, ಬೆಳಿಗ್ಗೆ ಬಸ್ಸು ಹಿಡಿದು ಸೊಲ್ಲಾಪುರದ ಟವೆಲ್ ಕಾರ್ಖಾನೆಗೆ ಹೋದರೆ ಸಂಜೆ ಏಳಕ್ಕೆ ಮನೆಗೆ ಬರುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ನಿನ್ನ ಮಕ್ಕಳು ಅಮೋಲ, ಸಾರಿಕಾ ಇಬ್ಬರೂ ಫೋನು ಕಸಿದುಕೊಳ್ಳುತ್ತಾರೆ, ನನ್ನ ಪಾಲಿಗೆ ಒಂದು 'ಆರಾಮ ಇದ್ದೀಯೇನವ್ವಾ' ಮಾತ್ರ ಉಳಿಯುತ್ತದೆ. ಅದಕ್ಕೇ ಪೆನ್ನು ಹಿಡಿದು ಕುಳಿತಿದ್ದೇನೆ.

ದೀಪಾವಳಿಯ ಮರುದಿನ ನೀನು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. 'ಅಪ್ಪಾ, ನಿಮ್ಮ ಕಡೆ ನೆಲಾ ನಡಗತೈತಿ ಅಂತ ಪೇಪರಿನ್ಯಾಗ ಓದೀನಿ, ಹುಡುಗೂರನ್ನ ಮೈಸೂರಿಗೆ ನಾದಿನಿ ಮನಿಗೆ ಕಳಸ್ತೀನಿ' ಎಂದೆ. ಡಿಸೆಂಬರ್ ಒಂದನೇ ತಾರೀಖಿಗೆ ಬಂದು ಕರೆದೊಯ್ಯುತ್ತೇನೆ ಎಂದೂ ಹೇಳಿದೆ. ತಾಯಿ ನೀನು, ತಪ್ಪು ಅನ್ನಲಾರೆ. ಆದರೆ ನೀನು ತರಬೇತಿಗೆ ಹೊರಟಾಗ ಜೂನ್‌ನಲ್ಲಿ ಅವರಪ್ಪನ ಜೊತೆ ಮೈಸೂರು ಬಿಟ್ಟು ಇಲ್ಲಿಗೆ ಬಂದ ಮಕ್ಕಳು ಈಗಷ್ಟೇ ಕುರಿಮರಿಗಳಿಗೆ ಹೆಸರಿಟ್ಟಿದ್ದಾರೆ. ಅವರು ಹೋದರೆ ಈ ಮನೆಯಲ್ಲಿ ನನ್ನ ಜೊತೆ ಜಗಳವಾಡುವವರು ಯಾರು? ಅವತ್ತೇ ನಿಶ್ಚಯ ಮಾಡಿದೆ, ಮೈಸೂರಿನ ಈ ಮಕ್ಕಳಿಗೆ ಭೂಕಂಪದ ಪಾಠ ಕಲಿಸಿ ನಿನ್ನ ಹೆದರಿಕೆ ಬಿಡಿಸಬೇಕು ಎಂದು.

ಅಮೋಲನ ಶಾಲೆಯ ಲಕ್ಷ್ಮೀಬಾಯಿ ಟೀಚರನ್ನು ಮನೆಗೇ ಕರೆದುಕೊಂಡು ಬಂದೆ. ಅವರು ಮನೆಯೆಲ್ಲ ಸುತ್ತಾಡಿ, ಮಕ್ಕಳು ಮಲಗುವ ಜಾಗದ ಮೇಲಿನ ಹಲಗೆಯಲ್ಲಿದ್ದ ತಾಮ್ರದ ಕೊಡಗಳನ್ನು ನೋಡಿ ಮೊದಲು ಅವನ್ನು ಇಳಿಸಿ ಎಂದರು. ನಿನ್ನ ಅವ್ವ ಬಿಡಬೇಕಲ್ಲ! 'ನಲವತ್ತು ವರ್ಷದಿಂದ ಅಲ್ಲೇ ಅದಾವ, ಯಾರ ತಲಿ ಮ್ಯಾಲ ಬಿದ್ದಾವ?' ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಸಾರಿಕಾ ಹೋಗಿ ಹಲಗೆಯ ಕೆಳಗೆ ಮಲಗಿ, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಐದೇ ನಿಮಿಷದಲ್ಲಿ ಕೊಡಗಳು ನೆಲಕ್ಕಿಳಿದವು. ಸೊಲ್ಲಾಪುರದಲ್ಲಿ ಮಿಲ್ಲು ಮುಚ್ಚಿದಾಗ ನಾನು ತಂದಿದ್ದ ಸಾಗವಾನಿ ಟೇಬಲ್ ನಿನಗೆ ನೆನಪಿದೆಯಲ್ಲ, ಆನೆಯಂಥದ್ದು, ಅದನ್ನು ನಡುಮನೆಗೆ ಸರಿಸಿದೆವು. ನೆಲ ನಡುಗಿದರೆ ಅದರ ಕೆಳಗೆ ಕೂರಬೇಕು, ತಲೆ ಮುಚ್ಚಿಕೊಂಡು ಟೇಬಲ್ಲಿನ ಕಾಲು ಬಿಗಿಯಾಗಿ ಹಿಡಿಯಬೇಕು. ನಡುಕ ನಿಂತ ಮೇಲೆ ಓಡದೆ, ನೂಕದೆ ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲಬೇಕು.

ಅವಸರಕ್ಕೆಂದು ಒಂದು ಚೀಲವನ್ನೂ ತಯಾರು ಮಾಡಿದೆವು. ಬ್ಯಾಟರಿ, ನೀರು, ಕಡಕ ರೊಟ್ಟಿ, ಶೇಂಗಾ ಚಟ್ನಿ. ನಿನ್ನ ಅವ್ವ ಅಕ್ಕಲಕೋಟೆಗೆ ಹೋಗಿ ಸ್ವಾಮಿಯ ವಿಭೂತಿ ತಂದು ಅದರಲ್ಲಿಟ್ಟಳು. ವಿಭೂತಿ ಇನ್ನೂ ಇದೆ. ರೊಟ್ಟಿ, ಚಟ್ನಿಯನ್ನು ಮಾತ್ರ ವಾರಕ್ಕೆ ಮೂರು ಸಲ ತುಂಬಿಸಬೇಕಾಗಿದೆ. ಕಳ್ಳ ಯಾರೆಂದು ಕೇಳಿದರೆ ಅಮೋಲ ಸಾರಿಕಾಳನ್ನು ತೋರಿಸುತ್ತಾನೆ, ಸಾರಿಕಾ ನನ್ನನ್ನು ತೋರಿಸುತ್ತಾಳೆ. ಅವಳು ಹೇಳುವುದರಲ್ಲೂ ಸ್ವಲ್ಪ ನಿಜವಿದೆ.

ಇನ್ನು ನಾನು ಮಾಡಿದ ಎಡವಟ್ಟು ಕೇಳು. ಅಭ್ಯಾಸ ಮಾಡಿಸಲು ಒಂದು ಸದ್ದು ಬೇಕಿತ್ತು. ಗೂಟದಲ್ಲಿ ನಮ್ಮ ಹಳೆಯ ಡೊಳ್ಳು ತೂಗುತ್ತಿತ್ತು. ಅದನ್ನು ಬಡಿದರೆ ಭೂಕಂಪ, ನಿಲ್ಲಿಸಿದರೆ ಬೇವಿನ ಗಿಡ ಎಂದು ಹೇಳಿಕೊಟ್ಟೆ. ಎಂಟು ದಿನಕ್ಕೆ ಮಕ್ಕಳು ಎಷ್ಟು ಪಳಗಿದರೆಂದರೆ ಕೈಯಲ್ಲಿನ ತುತ್ತು ಬಿಟ್ಟು ಟೇಬಲ್ಲಿನ ಕೆಳಗೆ ನುಗ್ಗುತ್ತಿದ್ದರು. ಆ ಡೊಳ್ಳಿಗೆ ಬೇರೆ ಕೆಲಸವೂ ಇದೆ ಎಂದು ಹೇಳುವುದನ್ನೇ ಮರೆತಿದ್ದೆ. ಕಳೆದ ರವಿವಾರ ನಮ್ಮ ಮನೆಯಲ್ಲಿ ಕುಲದೇವರು ಬೀರೋಬಾನ ಪೂಜೆ, ಬೋರಾಮಣಿಯ ಬೀಗರೆಲ್ಲ ಸೇರಿ ಮೂವತ್ತು ಮಂದಿ. ಭಂಡಾರದ ಅರಿಶಿನ ಪುಡಿ ತೂರಿ, ಅಮೋಗಸಿದ್ಧ ಮಾವ ಡೊಳ್ಳಿಗೆ ಮೊದಲ ಪೆಟ್ಟು ಕೊಟ್ಟದ್ದೇ ತಡ, ನಿನ್ನ ಮಗ ಟೇಬಲ್ಲಿನ ಕೆಳಗೆ ಮಾಯ! ಸಾರಿಕಾ ಮಾತ್ರ ಇಷ್ಟೊಂದು ಮಂದಿ ಸುಮ್ಮನೆ ನಿಂತದ್ದು ನೋಡಿ ಗಾಬರಿಯಾಗಿ, ನಡುಮನೆಯಲ್ಲಿ ನಿಂತು ಕೂಗಿದಳು: 'ಎಲ್ಲಾರೂ ಕೆಳಗ ಕೂಡ್ರಿ! ತಲಿ ಮುಚ್ಚಿಕೋರಿ!'

ಹಣೆಯ ತುಂಬ ಭಂಡಾರ, ಕೆದರಿದ ಕೂದಲು, ನಡುಗುವ ದನಿ. ಮಗುವಿನ ಮೈಮೇಲೆ ದೇವರು ಬಂದಿದ್ದಾನೆಂದು ಬೀಗರು ತಿಳಿದರು. ಮೂವತ್ತು ಮಂದಿಯೂ ದಬದಬನೆ ಕೂತು ತಲೆಯ ಮೇಲೆ ಕೈಯಿಟ್ಟುಕೊಂಡರು. ಅಮೋಗಸಿದ್ಧ ಮಾವ ಡೊಳ್ಳು ನಿಲ್ಲಿಸಿ ಸಾಷ್ಟಾಂಗ ಬಿದ್ದ. ಸುಗಲಾಬಾಯಿ ಅತ್ತೆ ಕೈಮುಗಿದು 'ಮುಂದ ಏನ್ ಮಾಡೂಣು ನಮ್ಮಪ್ಪಾ?' ಎಂದು ಕೇಳಿದಳು. ಡೊಳ್ಳು ನಿಂತಿತ್ತಲ್ಲ, ನಿನ್ನ ಮಗಳು ಪಾಠ ತಪ್ಪಲಿಲ್ಲ. 'ಓಡಬ್ಯಾಡ್ರಿ, ನೂಕಬ್ಯಾಡ್ರಿ, ಬೇವಿನ ಗಿಡದ ಕೆಳಗ ನಡೀರಿ' ಎಂದಳು. ಎಲ್ಲರೂ ಸಾಲಾಗಿ ಹೋಗಿ ನಿಂತರು. ನಾನು ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಅತ್ತೆ ಅವಳ ಕಾಲಿಗೂ ಬಿದ್ದಾಗಿತ್ತು. ಆಮೇಲೆ ನಕ್ಕ ನಗು ಏನು ಕೇಳುತ್ತೀ, ಅಮೋಗಸಿದ್ಧ ಮಾವನಿಗೆ ಡೊಳ್ಳು ಹಿಡಿಯಲೂ ಆಗಲಿಲ್ಲ. ಈಗ ಡೊಳ್ಳನ್ನು ದೇವರಿಗೆ ಬಿಟ್ಟು, ನಾವು ಹಿಟ್ಟು ನಾದುವ ಪರಾತ ಬಡಿಯುತ್ತೇವೆ.

ಅವತ್ತು ಸಂಜೆ ಅದೇ ಗಿಡದ ಕೆಳಗೆ ಕುಳಿತಿದ್ದಾಗ ಅಮೋಲ ಕೇಳಿದ: ಕಿಲ್ಲಾರಿಯ ಭೂಕಂಪವಾದಾಗ ಅಮ್ಮನನ್ನು ಯಾರು ಎತ್ತಿಕೊಂಡು ಬಂದರು? ನಿನಗೂ ಇದುವರೆಗೆ ಹೇಳಿಲ್ಲ, ಮನೀಷಾ. ಆಗ ನಿನಗೆ ಎರಡು ವರ್ಷ. ನಸುಕಿನಲ್ಲಿ ಗೋಡೆ ಗಡಗಡ ಅಂದಾಗ ನಾನು ಎದ್ದವನೇ ಕುರಿಹಟ್ಟಿಗೆ ಓಡಿದೆ. ನೀನು ನನ್ನ ಪಕ್ಕದಲ್ಲೇ ಕಂಬಳಿಯ ಮೇಲೆ ಮಲಗಿದ್ದೆ, ನಿನ್ನನ್ನು ದಾಟಿಕೊಂಡೇ ಹೋದೆ. ನಿನ್ನ ಅವ್ವ ನಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಾಗ ನಾನು ಕುರಿ ಎಣಿಸುತ್ತಿದ್ದೆ. ಅವಳು ಇವತ್ತಿನವರೆಗೂ ಅದನ್ನು ಎತ್ತಿ ಆಡಿಲ್ಲ. ನನಗೇ ಈ ಮೂವತ್ತೆರಡು ವರ್ಷ ಅದು ಮರೆತಿಲ್ಲ. ಅವತ್ತು ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ಸಾರಿಕಾ ಎಲ್ಲ ಕೇಳಿ, 'ಕುರಿ ಎಲ್ಲಾ ಅದಾವಿಲ್ಲೋ ಅಜ್ಜಾ?' ಎಂದಳು. ಅಳಬೇಕೆಂದಿದ್ದವನು ನಕ್ಕುಬಿಟ್ಟೆ.

ಸಾಕು, ಕೈ ನೋಯುತ್ತಿದೆ. ಮೈಲಾರಲಿಂಗ ನಿನ್ನನ್ನು ಚೆನ್ನಾಗಿಟ್ಟಿರಲಿ, ಮನಸ್ಸಿಟ್ಟು ಕಲಿ. ಅವ್ವ ಶೇಂಗಾ ಚಟ್ನಿ ಕಳಿಸುತ್ತಾಳೆ, ಮಕ್ಕಳ ಕೈಗೆ ಸಿಗದೆ ಉಳಿದರೆ.

ನಿನ್ನ ಅಪ್ಪ,
ಧರೆಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮನಸ್ಸು ತಡೆಯದೆ ಬಿಚ್ಚಿದೆ. ನಿನಗೆ ನಾನೇ ಬರೆದು ತಿಳಿಸುತ್ತೇನೆ ಎಂದು ಹೇಳಿ ಅಳಿಯಂದಿರ, ಮಕ್ಕಳ ಬಾಯಿಯನ್ನೂ ಕಟ್ಟಿದ್ದೆ. ಮೊನ್ನೆ ಮಂಗಳವಾರ ಸಂಜೆ ಐದಕ್ಕೆ ಇಲ್ಲಿ ನೆಲ ನಿಜವಾಗಿಯೂ ನಡುಗಿತು. ಹೆದರಬೇಡ, ನಾಲ್ಕೇ ಕ್ಷಣ, ಒಂದು ಲೋಟ ಉರುಳಿದ್ದು ಬಿಟ್ಟರೆ ಏನೂ ಆಗಿಲ್ಲ. ಪರಾತ ಬಡಿಯುವ ಮೊದಲೇ ಅಮೋಲ ತನ್ನ ಅಜ್ಜಿಯನ್ನು ಎಳೆದುಕೊಂಡು ಟೇಬಲ್ಲಿನ ಕೆಳಗಿದ್ದ. ನಾನೋ, ಇಷ್ಟೆಲ್ಲ ಪಾಠ ಹೇಳಿದವನು, ಮತ್ತೆ ಹಟ್ಟಿಯ ಕಡೆಗೇ ಹೆಜ್ಜೆ ಹಾಕಿದ್ದೆ. ಸಾರಿಕಾ ಟೇಬಲ್ಲಿನ ಕೆಳಗಿನಿಂದಲೇ ನನ್ನ ಧೋತರ ಹಿಡಿದು ಜಗ್ಗಿದಳು. 'ಅಜ್ಜಾ, ಮೊದಲ ತಲಿ, ಆಮ್ಯಾಲ ಕುರಿ' ಎಂದಳು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಇಟ್ಟುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಕರೆದೊಯ್ಯುವುದೋ ಬಿಡುವುದೋ ನಿನಗೆ ಬಿಟ್ಟದ್ದು, ನಾನು ಅಡ್ಡ ಬರುವುದಿಲ್ಲ. ಆದರೆ ಕರೆದೊಯ್ಯುವುದಾದರೆ ಸಾರಿಕಾಳನ್ನಾದರೂ ಬಿಟ್ಟು ಹೋಗವ್ವಾ. ಮುಂದಿನ ಸಲ ನನ್ನ ಧೋತರ ಹಿಡಿಯಲು ಯಾರಾದರೂ ಬೇಕಲ್ಲ.