ನಾನು ಹಾಕದ ಗಂಟು

ಮಾರ್ಚ್ 10, ಭಾನುವಾರ

ದಾರ ಹರಿದಿಲ್ಲ. ತಪಾಸಣೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಹಳೆಯದು ಬಿಚ್ಚಿ ಹೊಸ ದಾರ ಕಟ್ಟಿದೆ — ಬಂಡೆಗೆ ಹೊಡೆದ ಮೊಳೆಯಿಂದ ಮಣ್ಣಿನಲ್ಲಿ ನೆಟ್ಟ ಗೂಟಕ್ಕೆ. ಗುಡ್ಡ ಸರಿದರೆ ಗೂಟ ಸರಿಯುತ್ತದೆ, ದಾರ ಹರಿಯುತ್ತದೆ. ಸತತ ಮೂರು ಭಾನುವಾರ ದಾರ ಉಳಿದರೆ, ಗುಡ್ಡ ಕುಸಿದಲ್ಲಿ ಹೊಸದಾಗಿ ಕಟ್ಟುತ್ತಿರುವ ಕಾಲುದಾರಿ ತೆರೆಯಬಹುದು ಅಂತ ಇಂಜಿನಿಯರ್ ಹೇಳಿದ್ದಾರೆ. ಇವತ್ತು ಎರಡನೆಯದು.

ಅಣ್ಣ ಎಲ್ಲರೆದುರು ರೇಗಿಸಿದ, ಟೈಲರಮ್ಮ, ಗುಡ್ಡಕ್ಕೂ ನಾಲ್ಕು ಹೊಲಿಗೆ ಹಾಕಿಬಿಡು ಅಂತ. ಕೆಲಸದ ಮೇಸ್ತ್ರಿ ಅವನೇ, ಬಾಯಿಗೆ ಬೀಗವಿಲ್ಲ. ಕಲ್ಲು ಹೊರುತ್ತಿದ್ದವರೆಲ್ಲ ನಕ್ಕರು. ನಾನೂ.

ಮಾರ್ಚ್ 17, ಭಾನುವಾರ

ಹರಿದಿಲ್ಲ! ಮೂರೂ ಆಯಿತು. ಸಹಿ ಹಾಕಿದೆ. ಇಪ್ಪತ್ತೆರಡು ಜನ, ನಾಲ್ಕು ತಿಂಗಳು, ಸಂಬಳವಿಲ್ಲದ ಕೆಲಸ. ಅಮ್ಮನಿಗೆ ಹೇಳಿದರೆ ಅತ್ತೇಬಿಟ್ಟಳು. ದಾರಿ ಕುಸಿದ ಮೇಲೆ ಕೆಳಗಿನ ಬೀದಿಯ ಚಿಕ್ಕಮ್ಮನ ಮುಖ ಅವಳು ನೋಡಿಲ್ಲ. ಬರುವ ಭಾನುವಾರ ಮೊದಲು ಇಳಿಯುವವಳು ಅಮ್ಮನೇ.

ಅಣ್ಣ ಮಾತ್ರ ಸಲಕರಣೆ ಎತ್ತಿಕೊಂಡು ಬೇಗನೆ ಮನೆಗೆ ಹೋದ. ಸುಸ್ತಾಗಿರಬೇಕು.

ಮಾರ್ಚ್ 19, ಮಂಗಳವಾರ

ಗಿರಾಕಿಯ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಕೈ ನಿಂತುಹೋಯಿತು. ನಾನು ಗಂಟು ಹಾಕಿದರೆ ದಾರದ ಬಾಲ ಬಿಡುವುದಿಲ್ಲ, ಕತ್ತರಿಸುತ್ತೇನೆ. ಮೂವತ್ತು ವರ್ಷದ ಅಭ್ಯಾಸ. ಭಾನುವಾರ ಬಿಚ್ಚಿದ ಗಂಟಿಗೆ ಬೆರಳುದ್ದ ಬಾಲವಿತ್ತು...

ಮಿಷನ್ ಬಿಟ್ಟು ಗುಡ್ಡಕ್ಕೆ ಓಡಿದೆ. ಗೂಟದ ಬುಡದ ಮಣ್ಣಿನಲ್ಲಿ ಸಿಕ್ಕಿತು. ಹತ್ತನೇ ತಾರೀಖು ಕಟ್ಟಿದ್ದ ನನ್ನ ದಾರ, ನನ್ನ ಗಂಟು. ನಡುವೆ ಹರಿದಿದೆ.

ಮಾರ್ಚ್ 20

ಕೇಳಿದೆ. ಅಣ್ಣ ಸುಳ್ಳು ಹೇಳಲಿಲ್ಲ. ದಾರ ಹರಿದದ್ದನ್ನು ಶನಿವಾರವೇ ನೋಡಿದನಂತೆ, ತಾನೇ ಬೇರೆ ದಾರ ಕಟ್ಟಿದನಂತೆ. ಮತ್ತೆ ಮೊದಲಿಂದ ಅಂತ ಅಷ್ಟು ಜನಕ್ಕೆ ಹೇಳಲು ಬಾಯಿ ಬರಲಿಲ್ಲವಂತೆ.

"ನೀನೇ ಬರ್ಕೊಂಡು ಸಹಿ ಹಾಕ್ಬಹುದಿತ್ತಲ್ಲ. ನನ್ನ ಕೈಲಿ ಯಾಕೆ ಹಾಕಿಸ್ದೆ?"

"ನನ್ನ ಸಹಿ ಯಾರು ನಂಬ್ತಾರೆ? ನಿಂದಾದ್ರೆ ನಂಬ್ತಾರೆ."

ನನ್ನ ಹೆಸರನ್ನು ಅಷ್ಟು ಚೆನ್ನಾಗಿ ಬಲ್ಲವನು ಅವನೊಬ್ಬನೇ.

ಭಾನುವಾರದೊಳಗೆ ತಾನೇ ಎಲ್ಲರಿಗೂ ಹೇಳುತ್ತೇನೆ ಅಂದ. ಅಮ್ಮನ ಮೇಲೆ ಆಣೆ ಇಟ್ಟ. ನಂಬಿದೆ.

ಮಾರ್ಚ್ 24, ಭಾನುವಾರ, ಬೆಳಿಗ್ಗೆ 8.40

ಹೇಳಿಲ್ಲ. ಯಾರಿಗೂ.

ನಿನ್ನೆ ಸಂಜೆ ನಾನೇ ಕಟ್ಟಿದ್ದ ದಾರ ಇವತ್ತು ಮತ್ತೆ ಹರಿದಿದೆ. ಪುಸ್ತಕದಲ್ಲಿ ಹೋದ ವಾರದ ನನ್ನ ಸಹಿಯನ್ನು ನಾನೇ ಹೊಡೆದುಹಾಕಿದೆ. ಇಂಜಿನಿಯರ್ ಫೋನ್ ಎತ್ತುತ್ತಿಲ್ಲ. ಕಾಲುದಾರಿಯ ಮೇಲಿನ ಮೆಟ್ಟಿಲಿಗೆ ಅಡ್ಡ ಕೂತಿದ್ದೇನೆ. ಒಂಬತ್ತಕ್ಕೆ ದಾರಿ ತೆರೆಯಲು ಎಲ್ಲರೂ ಬರುತ್ತಾರೆ. ಅಣ್ಣನ ಮೇಲೆ ಹೊಟ್ಟೆಕಿಚ್ಚು ಅಂತಾರೆ, ತಲೆ ಕೆಟ್ಟಿದೆ ಅಂತಾರೆ. ಅನ್ನಲಿ.

ಬಂದರು. ಮುಂದೆ ಅಮ್ಮ. ಹೊಸ ಮೆಟ್ಟಿಲು ಕೊಳೆಯಾಗಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದಿದ್ದಾಳೆ. ಇನ್ನೊಂದು ಕೈ ಅಣ್ಣನ ಕೈಯಲ್ಲಿ. ನನ್ನನ್ನು ನೋಡಿ ನಗುತ್ತಿದ್ದಾಳೆ. ಯಾಕೆ ಅಡ್ಡ ಕೂತಿದ್ದೀಯೆ ಅಂತ ಕೇಳುತ್ತಾಳೆ. ಅವಳ ಮಗ ಏನು ಮಾಡಿದ ಅಂತ ನನ್ನ ಬಾಯಿಂದಲೇ ಹೇಳಬೇಕು.