ದೀಪ ಹತ್ತುವವರೆಗೆ ಹಾಲಿಲ್ಲ

ಟೆಕ್ಸಾಸಿನ ನಮ್ಮ ಕನ್ನಡ ಸಂಘಗಳ ಜಂಟಿ ಸೇವಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ನಾವು ವಿಜಯಪುರದ ಕಡೆ ನಡೆಸಿದ ಸೀಳುತುಟಿ ಶಿಬಿರದಲ್ಲಿ ಸೃಷ್ಟಿ ಎಂಬ ಕೂಸಿಗೆ ಶಸ್ತ್ರಚಿಕಿತ್ಸೆ ಆಗಲೇ ಇಲ್ಲ. ಆಗಿದೆ ಎಂದು ತಾವು ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಭಾಷಣ ಮಾಡಿ, ಮೂರೂ ಕಡೆ ಶಾಲು ಹೊದಿಸಿಕೊಂಡು ಬಂದಿರಿ. ನಡೆಯದ ಆಪರೇಷನ್ನಿಗೆ ಸನ್ಮಾನ ಮಾಡಿಸಿಕೊಳ್ಳುವುದು ಸಾಮಾನ್ಯರ ಕೈಲಾಗುವ ಮಾತಲ್ಲ, ಅಭಿನಂದನೆಗಳು. ಇದನ್ನೆಲ್ಲ ತಮಗೆ ಖಾಸಗಿಯಾಗಿ ಎಷ್ಟೋ ಸಲ ಬರೆದೆ. ಪ್ರತಿ ಸಲವೂ ತಾವು ಕೈಮುಗಿದ ಎಮೋಜಿ ಕಳಿಸಿ ಸುಮ್ಮನಾದಿರಿ. ಆದ್ದರಿಂದ ಈಗ, ಆ ತಾಯಿಯನ್ನು ಕೇಳಿಯೇ, ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನವಳು, ಚಿಪ್ ಕಂಪನಿಯೊಂದರಲ್ಲಿ ಕೆಲಸ. ವಿಜಯಪುರದ ಕಡೆಯ ಮಾತು ಅರ್ಥವಾಗುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ತಾವು ನನ್ನನ್ನು ಶಿಬಿರಕ್ಕೆ ಆರಿಸಿದಿರಿ. ವೈದ್ಯರು ಹೇಳಿದ್ದನ್ನು ತಾಯಂದಿರಿಗೆ ತಿಳಿಸುವುದು ನನ್ನ ಕೆಲಸ ಎಂದುಕೊಂಡು ಹೋದೆ. ನನ್ನ ನಿಜವಾದ ಕೆಲಸ ಫೋನ್ ಹಿಡಿದು ನಿಲ್ಲುವುದು ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಅಲ್ಲಿ ಭಾನುವಾರ ಬೆಳಗಾಗುವಾಗ ಇಲ್ಲಿ ಶನಿವಾರ ಸಂಜೆ. ಡಾಲಸ್ ಬಳಿಯ ಲಿಟಲ್ ಎಲ್ಮ್‌ನ ಸಭಾಂಗಣದಲ್ಲಿ ತಮ್ಮ ರಾಜ್ಯೋತ್ಸವ, ಅದರ ದೊಡ್ಡ ಪರದೆಯ ಮೇಲೆ ನಮ್ಮ ಶಿಬಿರದ ತಾಲ್ಲೂಕು ಆಸ್ಪತ್ರೆಯ ಆಪರೇಷನ್ ನೇರ ಪ್ರಸಾರ. ಜಾನಪದ ನೃತ್ಯಕ್ಕೂ ಊಟಕ್ಕೂ ನಡುವೆ ಒಂದು ಮಗುವಿನ ತುಟಿ! ಇಂಥ ಕಾರ್ಯಕ್ರಮ ಪಟ್ಟಿ ಹೊಳೆಯುವುದಕ್ಕೂ ತಲೆ ಬೇಕು.

ಶಿಬಿರದ ಕೊನೆಯ ದಿನ ಅದು. ಮೊದಲ ಸರದಿ ಸೃಷ್ಟಿಯದು. ಅರಿವಳಿಕೆ ಕೊಡುವ ಮುನ್ನ ಮಗುವಿನ ಹೊಟ್ಟೆ ಖಾಲಿ ಇರಬೇಕು, ಇಲ್ಲದಿದ್ದರೆ ಕುಡಿದ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಸೃಷ್ಟಿಯ ತಾಯಿ ಕಸ್ತೂರಿ ನಸುಕಿನಿಂದಲೂ ಎದೆಹಾಲು ಕೊಟ್ಟಿರಲಿಲ್ಲ. ಮಗು ಸಿದ್ಧ, ವೈದ್ಯರು ಸಿದ್ಧ. ಆಗ ತಮ್ಮ ಅಪ್ಪಣೆ ಬಂತು: ದೀಪ ಬೆಳಗದೆ ಶುರು ಮಾಡಕೂಡದು. ಅರಿವಳಿಕೆ ಕೊಡಲು ಹ್ಯೂಸ್ಟನ್ನಿನಿಂದ ಬಂದಿದ್ದ ಡಾಕ್ಟರ್ ಪ್ರಹ್ಲಾದ್ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಸರ್, ಇದು ಮಗು. ಸೇತುವೆ ಅಲ್ಲ ಉದ್ಘಾಟನೆ ಮಾಡೋಕೆ."

"ಐದೇ ಐದು ನಿಮಿಷ ಡಾಕ್ಟ್ರೇ. ಡೋನರ್ಸ್ ಎಲ್ಲಾ ಕೂತಿದ್ದಾರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿರಿ ತಾವು.

ಆ ಐದು ನಿಮಿಷದ ಕಥೆ ಅಂದು ಸಭೆಯಲ್ಲಿ ಇಲ್ಲದವರಿಗೆ ಗೊತ್ತಿಲ್ಲದಿರಬಹುದು, ಕೇಳಲಿ. ಮೂರು ಊರಿಗೆ ಮೂರು ದೀಪ, ಇಲ್ಲದಿದ್ದರೆ ಒಂದೂರಿಗೆ ಅವಮಾನ. ತಮ್ಮ ದೀಪ ಹತ್ತಿತು, ಅದರ ಹಿಂದೆಯೇ ಭಾಷಣ. ವಿಡಿಯೋದಲ್ಲಿ ಸೇರಿಕೊಂಡಿದ್ದ ಹ್ಯೂಸ್ಟನ್ನಿನ ಸಭಾಂಗಣದಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಅಲ್ಲಿಯದು ಬ್ಯಾಟರಿ ದೀಪ. ಅದರ ಸೆಲ್ ಸತ್ತಿತ್ತು. ಯಾರೋ ಪುಣ್ಯಾತ್ಮರು ಹೊಸ ಸೆಲ್ ತರಲು ಗ್ಯಾಸ್ ಸ್ಟೇಷನ್ನಿನ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋದರು. ನಮ್ಮ ಆಸ್ಟಿನ್ನಿನ ಪ್ರತಿನಿಧಿಗಳೋ ತಮ್ಮಲ್ಲಿಗೆ ಬರುವ ದಾರಿಯಲ್ಲಿ ಐ-35 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ನಮ್ಮೂರಿನ ಮಾನ ನಾನೇ ಯಾಕೆ ಕಳೆಯಲಿ, ಅಷ್ಟಕ್ಕೇ ಬಿಡುತ್ತೇನೆ. ಇತ್ತ ಕಾರಿಡಾರಿನಲ್ಲಿ ಕಸ್ತೂರಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದಳು.

"ಅಕ್ಕಾರ, ಇನ್ನೂ ಎಷ್ಟೊತ್ರೀ? ಕೂಸು ಅತ್ತು ಅತ್ತು ದನಿ ಬಿದ್ದೈತ್ರಿ."

"ಇನ್ನೊಂಚೂರು ತಡ್ಕೊಳ್ಳಿ ಕಸ್ತೂರಿ. ಅಲ್ಲಿ ದೀಪ ಹಚ್ತಿದ್ದಾರೆ."

"ಯಾಕ್ರೀ, ಅಲ್ಲಿ ಕರೆಂಟ್ ಹೋಗೈತೇನ್ರೀ?"

ತಡೆಯುವಷ್ಟು ತಡೆದು ಆಕೆ ಮಗುವಿಗೆ ಹಾಲು ಕೊಟ್ಟಳು. ಯಾವ ತಾಯಿ ಕೊಡದೇ ಇದ್ದಾಳು? ಡಾಕ್ಟರ್ ಪ್ರಹ್ಲಾದ್ ತಲೆ ಹಿಡಿದುಕೊಂಡು ಕೂತರು. ಇನ್ನು ಕೆಲವು ಗಂಟೆ ಕಾಯಲೇಬೇಕು, ಮಧ್ಯಾಹ್ನದ ಮೇಲೆ ಮಾಡೋಣ ಎಂದರು. ಆದರೆ ಮಧ್ಯಾಹ್ನದ ಮೇಲೆ ಜಿಲ್ಲಾ ಕೇಂದ್ರದಲ್ಲಿ ವೈದ್ಯರಿಗೆ ತಾವೇ ಸನ್ಮಾನ ಇಟ್ಟಿದ್ದಿರಿ, ವ್ಯಾನ್ ಬಾಗಿಲಲ್ಲಿ ನಿಂತಿತ್ತು. "ತಾಯಿಗೆ ತಿಳಿವಳಿಕೆ ಸಾಲದು" ಎಂದು ಸಮಿತಿಯ ಗ್ರೂಪಿನಲ್ಲಿ ಬರೆದಿರಿ. ನಾಚಿಕೆಯಾಗಲಿಲ್ಲವೇ ಸ್ವಾಮೀ?

ಸೃಷ್ಟಿಯ ಜಾಗಕ್ಕೆ ಎರಡನೇ ಸರದಿಗೆ ಹೊಟ್ಟೆ ಖಾಲಿ ಇಟ್ಟಿದ್ದ ರಕ್ಷಿತ್ ಎಂಬ ಬೇರೊಂದು ಮಗುವನ್ನು ಒಳಗೆ ಕರೆದೊಯ್ದರು. ಅದನ್ನು ನಾನು ಕಣ್ಣಾರೆ ನೋಡಿದೆ. ಹಸಿರು ಬಟ್ಟೆಯ ಕಿಂಡಿಯಲ್ಲಿ ಕಾಣುವುದು ಬಾಯಿ ಮೂಗು ಮಾತ್ರ. ಸರ್ಜನ್ನರು ತುಟಿಯ ಮೇಲೆ ಶಾಯಿಯ ಸಣ್ಣ ಚುಕ್ಕಿಗಳನ್ನಿಟ್ಟು, ಸೀಳಿನ ಅಂಚುಗಳನ್ನು ಬಿಡಿಸಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾ ಬಂದರು. ಎರಡು ಅಂಚು ಬಂದು ಕೂಡಿದಾಗ ಅಲ್ಲೊಂದು ಪೂರ್ತಿ ತುಟಿ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ಒಳ್ಳೆಯ ಕೆಲಸವನ್ನು ನಾನು ಇನ್ನೊಂದು ಕಂಡಿಲ್ಲ, ಅದನ್ನು ತಮ್ಮ ಮುಂದೆ ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ನಿರೂಪಕಿಯ ಧ್ವನಿ: "ನೋಡಿ, ನಮ್ಮ ಪುಟ್ಟ ಸೃಷ್ಟಿಯ ಹೊಸ ನಗು! ಜೋರಾದ ಚಪ್ಪಾಳೆ ಬರಲಿ!" ಚಪ್ಪಾಳೆ ಬಂತು. "ಇದು ಸೃಷ್ಟಿ ಅಲ್ಲ, ಈಗಲೇ ತಿದ್ದಿ" ಎಂದು ತಮಗೆ ಮೆಸೇಜ್ ಮಾಡಿದೆ. ತಮ್ಮ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "ಪ್ರೋಗ್ರಾಂ ಮುಗೀಲಿ, ಆಮೇಲೆ ನೋಡೋಣ." ಗೋಡೆಯಾಚೆ ಸೃಷ್ಟಿ ಹೊಟ್ಟೆ ತುಂಬಿ ನಿದ್ದೆ ಹೋಗಿದ್ದಳು, ತುಟಿ ಹಾಗೆಯೇ ಇತ್ತು.

ಆಮೇಲೆ ತಾವು ಏನನ್ನೂ ನೋಡಲಿಲ್ಲ. ಹೋಗಲಿ, ಮುಂದಿನ ಶಿಬಿರದಲ್ಲಾದರೂ ಆದೀತು ಎಂದು ನಾನು ಕಾದೆ. ಈಚೆಗೆ ಆ ಶಿಬಿರವೂ ನಡೆಯಿತು, ಕಸ್ತೂರಿ ಮಗುವನ್ನು ಎತ್ತಿಕೊಂಡು ಹೋದಳು. ತಮ್ಮ ಸಂಯೋಜಕರು ಆಕೆಯನ್ನು ಬಾಗಿಲಿಂದಲೇ ವಾಪಸ್ ಕಳಿಸಿದರು. ಈ ಮಗುವಿಗೆ ಆಗಿದೆಯಲ್ಲ, ವಿಡಿಯೋನೇ ಇದೆಯಲ್ಲ ಎಂದರಂತೆ. ಆಕೆ ನನಗೆ ಫೋನ್ ಮಾಡಿ ಗೋಳೋ ಎಂದು ಅತ್ತಳು. "ಕೂಸಿನ ತುಟಿ ನೋಡ್ರೀ ಅಂದ್ರ ಅಂವಾ ಫೋನ್ ನೋಡ್ತಾನ್ರೀ ಅಕ್ಕಾರ!" ಈಗ ಗಂಡನ ಮನೆಯವರೂ ಆ ವಿಡಿಯೋ ನೋಡಿದ್ದಾರೆ. ಕಸ್ತೂರಿಯ ಮಾತು ನಂಬದೆ, ಆಪರೇಷನ್ ಮಾಡಿದರೂ ಹೀಗೇ ಉಳಿಯಿತು, ಇನ್ನೊಮ್ಮೆ ಕೊಯ್ಯಿಸುವುದು ಬೇಡ ಎನ್ನುತ್ತಿದ್ದಾರೆ. ತಮ್ಮ ಪ್ರಚಾರ ಅಷ್ಟು ದೂರ ತಲುಪಿದೆ, ಹೆಮ್ಮೆ ಪಡಿ.

ನಾನು ಕೇಳುವುದು ಇಷ್ಟೇ. ಪರದೆಯ ಮೇಲೆ ಕಂಡದ್ದು ಬೇರೆ ಮಗು, ತಪ್ಪು ನಮ್ಮದು ಎಂದು ತಾವೇ ಕಸ್ತೂರಿಯ ಮನೆಯವರಿಗೆ ಫೋನ್ ಮಾಡಿ ಹೇಳಿ. ಹೇಳಿದ ಮೇಲೆ, ಮುಂದಿನ ಶಿಬಿರದವರೆಗೆ ಕಾಯಿಸದೆ, ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಈ ತಿಂಗಳೇ ಆ ಮಗುವಿಗೆ ಆಪರೇಷನ್ ಮಾಡಿಸಿ. ಬೆಳಗಿನ ಮೊದಲ ಸರದಿಯಲ್ಲಿ, ಕ್ಯಾಮೆರಾ ಇಲ್ಲದೆ, ಯಾರೂ ಏನನ್ನೂ ಬೆಳಗದೆ. ಅದೇ ಸಭಾಂಗಣದಲ್ಲಿ, ಅದೇ ಮೈಕಿನಲ್ಲಿ, ಅಂದು ಚಪ್ಪಾಳೆ ತಟ್ಟಿದವರಿಗೂ ನಿಜ ತಿಳಿಸಿ.

ಸೃಷ್ಟಿ ಈಗ ಮಾತು ಕಲಿಯುತ್ತಿದ್ದಾಳೆ. "ಅಪ್ಪಾ ಅನ್ನಾಕ ನೋಡ್ತಾಳ್ರೀ, ಬರವಲ್ದು" ಎಂದಳು ಕಸ್ತೂರಿ. ಕನ್ನಡ ಉಳಿಸಿ ಎಂದು ತಾವು ಮುಂದಿನ ರಾಜ್ಯೋತ್ಸವದ ವೇದಿಕೆ ಹತ್ತುವ ಮುನ್ನ ತುಟಿ ಕೂಡಿಸದೆ ಒಮ್ಮೆ "ಅಪ್ಪ" ಎಂದು ನೋಡಿ. ಬರದಿದ್ದರೆ ಮೈಕ್ ಕೆಳಗಿಟ್ಟು ಆಸ್ಪತ್ರೆಗೆ ಫೋನ್ ಮಾಡಿ.

ಇಂತಿ,
ತಮ್ಮ ಕಾರ್ಯಕ್ರಮ ಮುಗಿಯುವವರೆಗೂ ಫೋನ್ ಹಿಡಿದು ನಿಂತಿದ್ದ ಮೂರ್ಖಳು,
ತುಳಸಿ
ಸೀಡರ್ ಪಾರ್ಕ್