ನೀನು ಹೋದ ವಾರದ ಪತ್ರಿಕೆ

ಅಣ್ಣಾ, ಮಟಕಿಯಿಂದ ನಿನ್ನ ತಂಗಿ ನೀಲವ್ವ ಬರೆಯುತ್ತಿದ್ದೇನೆ.

ಸೊಲ್ಲಾಪುರದ ಗಿರಣಿ ಕೆಲಸ ಬಿಟ್ಟು ನೀನು ಮನೆಗೆ ಬಂದ ದಿನ ನೆನಪಾಗುತ್ತಿದೆ. ಬೇರೆಯವರ ಮನೆಯ ಗಂಡುಮಕ್ಕಳು ಸೀರೆ, ಸಿಹಿ ತಂದರೆ ನೀನು ಟ್ರಂಕಿನಲ್ಲಿ ತಂದದ್ದು ರಶಿಯಾದ ವಾರಪತ್ರಿಕೆಯ ಹಳೆಯ ಸಂಚಿಕೆಗಳನ್ನು. ಒಂದಕ್ಷರ ಓದಲು ಬಾರದ ಭಾಷೆ! ಅವ್ವ ಹಣೆ ಚಚ್ಚಿಕೊಂಡಳು. ನಾನೋ, ಅದರ ಚಿತ್ರ ನೋಡುತ್ತ ರೊಟ್ಟಿ ಹೊತ್ತಿಸಿದೆ.

ಅದರ ಕಥೆ ಹೇಳುವಾಗ ನಿನ್ನ ಮುಖ ನೋಡಬೇಕಿತ್ತು. ಗಿರಣಿಯಲ್ಲಿ ಇಂಗ್ಲಿಷ್ ಬಲ್ಲ ಗೆಳೆಯನೊಬ್ಬ ಹೇಳಿದ್ದನಂತೆ. ಆ ಪತ್ರಿಕೆ ಹುಟ್ಟಿದ್ದು ಅಲ್ಲಿಯ ಅರಸನ ಕಾಲದಲ್ಲಿ. ಅರಸ ಹೋದಾಗ ಅದೂ ನಿಂತಿತು. ಕೆಲವು ವರ್ಷದ ಮೇಲೆ ಬೇರೆಯವರು ಮತ್ತೆ ಎಬ್ಬಿಸಿದರು. ಈಗ ಜರ್ಮನಿಯ ದಂಡು ಒಳಗೆ ನುಗ್ಗಿದರೂ ಬರುತ್ತಲೇ ಇದೆ. ನಮ್ಮ ಸೀಮೆಗೂ ಇಂಥದೊಂದು ಬೇಡವೇ ಎಂದು ನೀನು ಕೇಳಿದೆ. ನಿಜಾಮನ ರಾಜ್ಯದಲ್ಲಿ ಕನ್ನಡ ಪತ್ರಿಕೆ ಅಚ್ಚುಹಾಕಲು ನಮಗೆ ಇಜಾಜತ್ ಕೊಡುವವರಾರು? ಕೈಯಲ್ಲೇ ಬರೆಯೋಣ ಎಂದು ನಾನೆಂದೆ. ನೀನು ಸುದ್ದಿ ತರುವುದು, ನಾನು ಪ್ರತಿ ಮಾಡುವುದು. ಒಂದು ಅಫಜಲಪುರಕ್ಕೆ, ಒಂದು ಜೇವರ್ಗಿಗೆ, ಇನ್ನೊಂದನ್ನು ನೀನೇ ಆಳಂದದ ಸಂತೆಯಲ್ಲಿ ಗಟ್ಟಿಯಾಗಿ ಓದುವುದು.

ಮೊದಲ ಸಂತೆಯಲ್ಲಿ ರಶಿಯಾದ ಒಬ್ಬ ಹೆಂಗಸು ಟ್ರ್ಯಾಕ್ಟರ್ ಹೊಡೆಯುವ ಚಿತ್ರ ತೋರಿಸಿದೆಯಲ್ಲ, ಜನ ಏನು ಕೇಳಿದರು ನೆನಪಿದೆಯೇ?

"ಈಕಿ ಯಾರ ಮಗಳ್ರಿ? ಯಾವೂರಾಕಿ?"

ನೀನು ಬೆಪ್ಪಾಗಿ ನಿಂತೆಯಂತೆ. ಮನೆಗೆ ಬಂದು ಹೇಳಿದಾಗ ನಕ್ಕು ನಕ್ಕು ನನಗೆ ಸಾಕಾಯಿತು. ಆದರೆ ಅವತ್ತೇ ಇಬ್ಬರೂ ಕಟ್ಟಳೆ ಮಾಡಿದೆವು: ನಮ್ಮ ಪತ್ರಿಕೆಯಲ್ಲಿ ಯಾರ ಸುದ್ದಿ ಬಂದರೂ ಯಾರ ಮಗ, ಯಾರ ಮಗಳು, ಯಾವ ಊರು ಎಂಬುದು ಇರಲೇಬೇಕು. ಅಷ್ಟು ದೊಡ್ಡ ರಶಿಯಾಕ್ಕೂ ಇಲ್ಲದ ಶಿಸ್ತು ನಮ್ಮದು ಎಂದು ನಾನು ಈಗಲೂ ಬೀಗುತ್ತೇನೆ.

ಆಮೇಲೆ ಆ ಹಾಳು ಜ್ವರ. ಮಾತು ನಿಲ್ಲುವವರೆಗೂ ನಿನ್ನದು ಒಂದೇ ಚಿಂತೆ, ಈ ವಾರ ಯಾರು ಓದುತ್ತಾರೆ ಎಂದು. ಅವರ ಪತ್ರಿಕೆಯಂತೆ ನಮ್ಮದೂ ನಿಂತರೆ ಮತ್ತೆ ಎಬ್ಬಿಸುವವರು ಯಾರು ಅಂತ...

ನಿನ್ನನ್ನು ಮಣ್ಣು ಮಾಡಿ ಬಂದ ಮರುದಿನವೇ ಸಂತೆ. ಪ್ರತಿಗಳು ಸಿದ್ಧವಿದ್ದವು, ಓದುವ ನೀನಿರಲಿಲ್ಲ. ನಾನು ಹೋಗುತ್ತೇನೆ ಎಂದೆ. ಕಾಕಾ ಸಿಡಿದೆದ್ದ. ಮಣ್ಣಿನ ಹಸಿ ಆರಿಲ್ಲ, ಹೆಣ್ಣುಮಗಳು ಸಂತೆಯಲ್ಲಿ ನಿಂತು ಓದುವುದೇ, ಊರು ಏನಂದೀತು ಎಂದ. ಮೂಲೆಯಲ್ಲಿ ಕೂತಿದ್ದ ಅವ್ವ ತಲೆಯೆತ್ತಿದಳು.

"ಶರಣರು ಸೂತಕ ಇಲ್ಲ ಅಂದಾರ. ನನ್ನ ಮಗನ ಕೆಲಸ ನಿಲ್ಲಬಾರ್ದು. ಹೋಗು ನೀಲಾ, ಓದಿ ಬಾ."

ಅವ್ವನೇ, ಅಣ್ಣಾ! ಟ್ರಂಕು ನೋಡಿ ಹಣೆ ಚಚ್ಚಿಕೊಂಡವಳು. ಎಂಥ ತಾಯಿ ನಮ್ಮವಳು!

ಮೊದಲ ಸುದ್ದಿ ನಿನ್ನದೇ, ಹಿಂದಿನ ರಾತ್ರಿ ಕೂತು ನಾನೇ ಮೇಲೆ ಸೇರಿಸಿದ್ದು. ಮಟಕಿಯ ಶಾಂತವೀರ, ಶರಣಪ್ಪ ಮತ್ತು ಗುರವ್ವನ ಮಗ, ತೀರಿಕೊಂಡ ಎಂದು ಓದಿದೆ. ಅಲ್ಲಿಗೆ ಕಣ್ಣೀರಿಗೆ ಅಕ್ಷರ ಕಾಣದೆ ಓದು ನಿಲ್ಲಿಸಿದೆ. ಜನ ಎದ್ದುಹೋಗುತ್ತಾರೆ, ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಯಾರೂ ಕದಲಲಿಲ್ಲ. ಬೆಲ್ಲ ಮಾರಲು ಬಂದಿದ್ದ ಭೂಸನೂರಿನ ಮುದುಕನೊಬ್ಬ ತನ್ನ ಟವೆಲು ನನ್ನ ಕೈಗೆ ಕೊಟ್ಟ.

"ಕಣ್ಣ ಒರಸ್ಕೋ ತಂಗಿ. ಮುಂದ ಓದು."

ಕೊನೆಯ ಸಾಲಿನವರೆಗೂ ಓದಿದೆ, ಅಣ್ಣಾ. ಒಂದು ವಾರವೂ ತಪ್ಪಲಿಲ್ಲ.